ತರಗತಿಯಿಂದ ರಾಜಭವನದವರೆಗೆ: ಪ್ರೊ. ಸೈಯದ್ ನೂರುಲ್ ಹಸನ್

ಹದೀಸ್ ವಿದ್ವಾಂಸರಲ್ಲಿ ಒಂದು ಶಿಸ್ತು ಇತ್ತು. ಒಬ್ಬ ವ್ಯಕ್ತಿ ಒಂದು ಹದೀಸ್ ಹೇಳಿದರೆ ಮೊದಲು ಆ ವ್ಯಕ್ತಿಯನ್ನೇ ತೂಗುತ್ತಿದ್ದರು. ಅವನ ನೆನಪಿನ ಶಕ್ತಿ ಹೇಗಿದೆ, ಅವನು ಯಾರಿಂದ ಕೇಳಿದ, ಎಲ್ಲಿ ಗಟ್ಟಿ, ಎಲ್ಲಿ ದುರ್ಬಲ ಎಂದು ವಿಚಾರಿಸುತ್ತಿದ್ದರು. ಇದಕ್ಕೆ 'ಜರಹ್ ವ ತಅದೀಲ್' ಎಂದು ಹೆಸರು. ಒಬ್ಬ ರಾವಿ ನಮಾಝಿ, ಪರಹೇಝ್‌ಗಾರ್ ಎಂದ ಮಾತ್ರಕ್ಕೆ ಅವನ ಎಲ್ಲ ಮಾತನ್ನು ಒಪ್ಪುತ್ತಿರಲಿಲ್ಲ. ಒಂದು ಕಡೆ ತಪ್ಪಿದನೆಂದು ಅವನ ಒಳ್ಳೆಯದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಗುಣವನ್ನೂ ದೋಷವನ್ನೂ ಒಂದೇ ಪುಟದಲ್ಲಿ ಬರೆಯುತ್ತಿದ್ದರು.

ನಮ್ಮ ಕಾಲದಲ್ಲಿ ಈ ಶಿಸ್ತು ಸಡಿಲವಾಗಿದೆ. ನಮ್ಮವರೊಬ್ಬರು ಮಂತ್ರಿಯಾದ ದಿನ ಹಾರ ಹಾಕುತ್ತೇವೆ, ಸನ್ಮಾನ ಮಾಡುತ್ತೇವೆ. ನಮಗೆ ಒಪ್ಪದ ಒಂದು ಕೆಲಸ ಅವರಿಂದಾದರೆ ಮರುದಿನವೇ 'ಕೌಮಿನ ದ್ರೋಹಿ' ಎಂದುಬಿಡುತ್ತೇವೆ. ಅಲ್ಲಾಹನು ಸೂರಃ ಅಲ್-ಮಾಇದಾದಲ್ಲಿ, ಒಂದು ಜನರ ಮೇಲಿನ ಸಿಟ್ಟು ಕೂಡ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಆಜ್ಞಾಪಿಸಿದ್ದಾನೆ. ಸೂರಃ ಅನ್ನಿಸಾದಲ್ಲಿ, ಸಾಕ್ಷ್ಯ ನಮ್ಮ ವಿರುದ್ಧವೇ ಹೋಗಲಿ, ತಂದೆ ತಾಯಿಯ ವಿರುದ್ಧವೇ ಹೋಗಲಿ, ನ್ಯಾಯದ ಪರ ನಿಲ್ಲಿರೆಂದಿದ್ದಾನೆ. ಸಿಟ್ಟು ಮತ್ತು ಸಂಬಂಧ, ತಕ್ಕಡಿ ಓರೆಯಾಗುವುದು ಹೆಚ್ಚಾಗಿ ಈ ಎರಡರಿಂದಲೇ.

ಈ ತಕ್ಕಡಿಯಲ್ಲಿ ಇಟ್ಟು ನೋಡಲೇಬೇಕಾದ ಒಂದು ಬದುಕು ಪ್ರೊ. ಸೈಯದ್ ನೂರುಲ್ ಹಸನ್ ಅವರದು. ಇತಿಹಾಸದ ಪ್ರಾಧ್ಯಾಪಕರಾಗಿದ್ದವರು ಕೇಂದ್ರದಲ್ಲಿ ಶಿಕ್ಷಣ ಖಾತೆ ನಡೆಸಿದರು, ಮಾಸ್ಕೋದಲ್ಲಿ ಭಾರತದ ರಾಯಭಾರಿಯಾದರು, ಕೊನೆಗೆ ಕಲ್ಕತ್ತಾದ ರಾಜಭವನದಲ್ಲಿ ರಾಜ್ಯಪಾಲರಾಗಿದ್ದಾಗಲೇ ಇಹಲೋಕ ತ್ಯಜಿಸಿದರು. ಕರ್ನಾಟಕದ ನಮ್ಮ ಮನೆಗಳಲ್ಲಿ ಅವರ ಹೆಸರು ಹೆಚ್ಚಾಗಿ ಕೇಳಿಬರುವುದಿಲ್ಲ. ಆದರೆ ಅವರ ಕಾಲದ ನಿರ್ಧಾರಗಳು ನಮ್ಮ ಮಕ್ಕಳ ಶಾಲೆಯವರೆಗೂ ಬಂದಿವೆ.

ದಾಖಲೆಗಳ ಮುಂದೆ ಕುಳಿತ ವಿದ್ವಾಂಸ

ನೂರುಲ್ ಹಸನ್ ಹುಟ್ಟಿದ್ದು 1921ರ ಡಿಸೆಂಬರ್ 26ರಂದು, ಲಖನೌದಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡಿದರು. ರಾಂಪುರದ ನವಾಬ್ ರಝಾ ಅಲಿ ಖಾನ್ ಅವರ ಮಗಳನ್ನು ವಿವಾಹವಾದರು. ಲಖನೌ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ನಂತರ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಬಂದು ಇತಿಹಾಸ ವಿಭಾಗದ ಮುಖ್ಯಸ್ಥರಾದರು.

ಆಗಿನ ಅಲೀಗಢದ ಇತಿಹಾಸ ವಿಭಾಗ ಸಾಮಾನ್ಯವಾದುದಾಗಿರಲಿಲ್ಲ. ಪ್ರೊ. ಮುಹಮ್ಮದ್ ಹಬೀಬ್ ಅಲ್ಲಿ ಹಿರಿಯರು. ಸತೀಶ್ ಚಂದ್ರ, ಇರ್ಫಾನ್ ಹಬೀಬ್, ಖಲೀಕ್ ಅಹ್ಮದ್ ನಿಝಾಮಿ, ಅಥರ್ ಅಲಿ ಮುಂತಾದವರು ಅಲ್ಲಿ ಕೆಲಸ ಮಾಡಿದರು. ಸುಲ್ತಾನರ, ಮುಘಲರ ಕಾಲವನ್ನು ಅದುವರೆಗೆ ಬಹಳ ಜನ ಬರೆದಿದ್ದು ಬಾದಶಾಹರ ಕಥೆಯಾಗಿ. ಒಬ್ಬ ಬಾದಶಾಹ ಉದಾರಿ, ಇನ್ನೊಬ್ಬ ಮತಾಂಧ, ಅಷ್ಟರಲ್ಲಿ ಇತಿಹಾಸ ಮುಗಿಯಿತು. ಅಲೀಗಢದ ವಿದ್ವಾಂಸರು ಫಾರ್ಸಿ ದಾಖಲೆಗಳನ್ನು ಬಿಚ್ಚಿದರು. ಕಂದಾಯದ ಲೆಕ್ಕ, ನೇಮಕದ ಫರ್ಮಾನು, ಜಮೀನಿನ ಕಾಗದ, ಮನ್ಸಬ್‌ದಾರರ ಪಟ್ಟಿ ಇವುಗಳನ್ನು ಎದುರಿಗಿಟ್ಟುಕೊಂಡು, ಹಳ್ಳಿಯ ರೈತನ ಬೆಳೆ ಎಷ್ಟು ಜನರ ಕೈ ದಾಟಿ ದಿಲ್ಲಿಗೆ ಮುಟ್ಟುತ್ತಿತ್ತು ಎಂದು ಹುಡುಕಿದರು.

ನೂರುಲ್ ಹಸನ್ ಅವರ ಎರಡು ಬರಹಗಳಿಂದ ಅವರ ವಿಧಾನ ಅರ್ಥವಾಗುತ್ತದೆ. ಜಹಾಂಗೀರನ ಕಾಲದಲ್ಲಿ ನೂರ್‌ಜಹಾನ್, ಅವಳ ತಂದೆ, ಅಣ್ಣ ಆಸಫ್ ಖಾನ್ ಮತ್ತು ಶಹಜಾದಾ ಖುರ್ರಂ ಸೇರಿ ಒಂದು ಕೂಟ ಕಟ್ಟಿ ರಾಜ್ಯವನ್ನೇ ಕೈಗೆ ತೆಗೆದುಕೊಂಡರೆಂಬ ಕಥೆ ಪಾಠಪುಸ್ತಕಗಳಲ್ಲಿ ಬಹುಕಾಲ ಇತ್ತು. ಹೆಂಗಸು ಆಳಿದ್ದರಿಂದ ರಾಜ್ಯ ಕೆಟ್ಟಿತೆಂಬ ಧ್ವನಿಯೂ ಅದರಲ್ಲಿ ಸೇರಿತ್ತು. ಆ ವರ್ಷಗಳಲ್ಲಿ ಯಾರಿಗೆ ಯಾವ ಹುದ್ದೆ ಸಿಕ್ಕಿತು, ಯಾರಿಗೆ ಬಡ್ತಿ ಬಂತು ಎಂದು ನೂರುಲ್ ಹಸನ್ ಪರಿಶೀಲಿಸಿದರು. ಅಂಥ ಕೂಟವೊಂದು ಎಲ್ಲವನ್ನೂ ನಡೆಸಿತೆಂಬ ವಾದಕ್ಕೆ ಆಧಾರ ಸಾಲದೆಂದು ತೋರಿಸಿದರು.

ಎರಡನೆಯದು ಜಮೀನ್ದಾರರ ಬಗ್ಗೆ, 1964ರಲ್ಲಿ ಪ್ರಕಟವಾದ ಪ್ರಬಂಧ. ಮುಘಲರ ಕಾಲದ 'ಜಮೀನ್ದಾರ' ಎಂಬ ಒಂದೇ ಪದದ ಕೆಳಗೆ ಮೂರು ಬಗೆಯ ಜನರಿದ್ದರೆಂದು ಅವರು ವಿವರಿಸಿದರು. ತಮ್ಮದೇ ನಾಡನ್ನು ಆಳುತ್ತಾ ಬಾದಶಾಹನಿಗೆ ತಲೆಬಾಗಿದ ಅರಸರು ಮೊದಲನೆಯವರು. ರೈತ ಮತ್ತು ಸರ್ಕಾರದ ನಡುವೆ ನಿಂತು ಕಂದಾಯ ಎತ್ತಿ ಕೊಡುವವರು ಎರಡನೆಯವರು. ನೆಲದ ಮೇಲೆ ನೇರ ಹಕ್ಕು ಇದ್ದವರು ಮೂರನೆಯವರು. ಎರಡನೆಯ ಗುಂಪಿನಲ್ಲಿ ಅವರು ಹೆಸರಿಸುವವರಲ್ಲಿ ಚೌಧರಿ, ದೇಶಮುಖ, ದೇಸಾಯಿ, ದೇಶಪಾಂಡೆಗಳಿದ್ದಾರೆ. ವಿಜಯಪುರ, ಬೆಳಗಾವಿ, ಧಾರವಾಡದ ಕಡೆಯ ಓದುಗರಿಗೆ ಇವು ಇಂದಿಗೂ ಅಕ್ಕಪಕ್ಕದ ಮನೆಗಳ ಅಡ್ಡಹೆಸರುಗಳು. ಈ ಮೂರು ಗುಂಪಿನವರು ಸಾಮ್ರಾಜ್ಯಕ್ಕೆ ಆಧಾರವೂ ಆಗಿದ್ದರು, ಬೆಳೆಯ ಪಾಲಿಗಾಗಿ ಅದರೊಡನೆ ಜಗಳವನ್ನೂ ಆಡುತ್ತಿದ್ದರು. ಹೀಗೆ ನೋಡಿದಾಗ ಆ ಕಾಲದ ಅನೇಕ ದಂಗೆಗಳ ಹಿಂದೆ ಹೊಲ, ಧಾನ್ಯ, ಕಂದಾಯದ ಪ್ರಶ್ನೆಗಳು ಕಾಣುತ್ತವೆ.

ಇದೇ ವಿಭಾಗದ ಅಥರ್ ಅಲಿಯವರು ಔರಂಗಜೇಬನ ದೊಡ್ಡ ಅಧಿಕಾರಿಗಳ ಪಟ್ಟಿ ಮಾಡಿ ಎಣಿಸಿದರು. ಅಕ್ಬರನ ಕಾಲದಲ್ಲಿ ಮೇಲ್ದರ್ಜೆಯ ಮನ್ಸಬ್‌ದಾರರಲ್ಲಿ ಹಿಂದೂಗಳ ಪಾಲು ಸುಮಾರು 22 ಶೇಕಡಾ ಇತ್ತು. ಔರಂಗಜೇಬನ ಕೊನೆಯ ದಶಕಗಳಲ್ಲಿ ಅದು ಸುಮಾರು 31 ಶೇಕಡಾ ಆಗಿತ್ತು. ಅವರಲ್ಲಿ ಮರಾಠಾ ಸರದಾರರು ಬಹಳ ಮಂದಿ. ಇದರಿಂದ ಔರಂಗಜೇಬನ ಎಲ್ಲ ಕೆಲಸವೂ ಸರಿಯೆಂದಾಗುವುದಿಲ್ಲ. ಆದರೆ ವೇದಿಕೆಯ ಮೇಲೆ ಕೂಗಿ ಹೇಳುವ ಇತಿಹಾಸಕ್ಕೂ ಲೆಕ್ಕ ಮಾಡಿ ಬರೆದ ಇತಿಹಾಸಕ್ಕೂ ಎಷ್ಟು ಅಂತರವಿದೆ ಎಂಬುದು ತಿಳಿಯುತ್ತದೆ. ಸನದು ಕೇಳುವ ಮುಹದ್ದಿಸನಿಗೂ ದಾಖಲೆ ಕೇಳುವ ಇತಿಹಾಸಕಾರನಿಗೂ ಇಲ್ಲಿ ಒಂದು ನಂಟಿದೆ. ಇಬ್ಬರೂ ಕೇಳುವುದು ಒಂದೇ ಪ್ರಶ್ನೆ: ಈ ಮಾತು ನಿನಗೆ ಎಲ್ಲಿಂದ ಬಂತು?

ಅಧಿಕಾರದ ಕುರ್ಚಿ

1960ರ ದಶಕದ ಕೊನೆಯಲ್ಲಿ ನೂರುಲ್ ಹಸನ್ ರಾಜ್ಯಸಭೆಗೆ ಬಂದರು. ಇಂದಿರಾ ಗಾಂಧಿಯವರ ಸರ್ಕಾರದಲ್ಲಿ 1972ರಿಂದ 1977ರವರೆಗೆ ಶಿಕ್ಷಣ ಮತ್ತು ಸಮಾಜ ಕಲ್ಯಾಣ ಅವರ ಕೈಯಲ್ಲಿತ್ತು. ಸಂಪುಟ ದರ್ಜೆ ಇರಲಿಲ್ಲ, ರಾಜ್ಯ ಮಂತ್ರಿಯಾಗಿ ಖಾತೆಯನ್ನು ಸ್ವತಂತ್ರವಾಗಿ ನಡೆಸಿದರು.

ಆ ಐದು ವರ್ಷಗಳ ಕೆಲಸ ಚಿಕ್ಕದಲ್ಲ. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು 1972ರಲ್ಲಿ ಸ್ಥಾಪನೆಯಾಯಿತು. ಕೊಠಾರಿ ಆಯೋಗ ಸೂಚಿಸಿದ್ದ 10+2+3 ಪದ್ಧತಿಯನ್ನು ದೇಶಕ್ಕೆಲ್ಲ ತರುವ ಕೆಲಸ ಅವರ ಕಾಲದಲ್ಲಿ ಚುರುಕಾಯಿತು. ನಮ್ಮ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿ, ಎರಡು ವರ್ಷ ಪಿಯುಸಿ ಓದಿ, ಮೂರು ವರ್ಷ ಡಿಗ್ರಿ ಮಾಡುವ ಲೆಕ್ಕ ಅದೇ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದ ಕಾಯ್ದೆ 1974ರಲ್ಲಿ ಆಯಿತು. ಕಲಬುರಗಿ, ಬೀದರ, ರಾಯಚೂರಿನ ಹುಡುಗ ಹುಡುಗಿಯರಿಗೆ ದಿಲ್ಲಿಗಿಂತ ಹತ್ತಿರದಲ್ಲಿ ಒಂದು ಕೇಂದ್ರೀಯ ವಿಶ್ವವಿದ್ಯಾಲಯ ಸಿಕ್ಕಿತು. 1975ರಲ್ಲಿ ಸಂಸತ್ತು ರಾಂಪುರದ ರಝಾ ಲೈಬ್ರರಿಯನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ನವಾಬರು ತಲೆಮಾರುಗಳಿಂದ ಕೂಡಿಸಿದ್ದ ಅರಬಿ, ಫಾರ್ಸಿ, ಉರ್ದು ಹಸ್ತಪ್ರತಿಗಳ ಆ ಭಂಡಾರ ಹರಿದು ಹಂಚಿಹೋಗದೆ ಉಳಿಯಿತು.

1975ರ ಅಕ್ಟೋಬರ್ 2ರಂದು ಸಮಾಜ ಕಲ್ಯಾಣ ಇಲಾಖೆ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಒಂದು ಯೋಜನೆ ಆರಂಭಿಸಿತು. ಅದರಲ್ಲಿ ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದು. ಅದೇ ಇಂದು ಪ್ರತಿ ಹಳ್ಳಿಯಲ್ಲಿ, ಪ್ರತಿ ಮೊಹಲ್ಲಾದಲ್ಲಿ ಇರುವ ಅಂಗನವಾಡಿ. ಬಸುರಿ ಬಾಣಂತಿಯರಿಗೆ ಸಿಗುವ ಆಹಾರ, ಮಕ್ಕಳ ತೂಕ ನೋಡುವ ತಕ್ಕಡಿ, ಚುಚ್ಚುಮದ್ದು ಎಲ್ಲ ಆ ಯೋಜನೆಯವೇ. ಒಬ್ಬ ಮಂತ್ರಿಯೊಬ್ಬನೇ ಇದನ್ನು ಮಾಡಿದನೆಂದು ಹೇಳಲಾಗದು. ಆದರೆ ಆಗ ಖಾತೆ ಅವರದೇ ಆಗಿತ್ತೆಂಬುದು ಲೆಕ್ಕಕ್ಕೆ ಬರಬೇಕು.

ಅಲೀಗಢದ ಗಾಯ

ಈಗ ತಕ್ಕಡಿಯ ಇನ್ನೊಂದು ತಟ್ಟೆ.

ಸರ್ ಸೈಯದ್ ಅಹ್ಮದ್ ಖಾನ್ ಅವರು 1870ರ ದಶಕದಲ್ಲಿ ಕಟ್ಟಿದ ಕಾಲೇಜು 1920ರಲ್ಲಿ ಕಾಯ್ದೆಯ ಮೂಲಕ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯವಾಯಿತು. ಅದಕ್ಕಾಗಿ ದೇಶದೆಲ್ಲೆಡೆಯ ಮುಸ್ಲಿಮರು ಚಂದಾ ಎತ್ತಿದ್ದರು. 1965ರಲ್ಲಿ ಕಾಯ್ದೆ ತಿದ್ದಿ, ವಿಶ್ವವಿದ್ಯಾಲಯದ ಆಡಳಿತದಲ್ಲಿ ಮೇಲಿನ ಸ್ಥಾನದಲ್ಲಿದ್ದ 'ಕೋರ್ಟ್' ಎಂಬ ಸಭೆಯನ್ನು ಸಲಹೆ ಕೊಡುವ ಸಭೆಯ ಮಟ್ಟಕ್ಕೆ ಇಳಿಸಲಾಯಿತು. ಇದನ್ನು ಪ್ರಶ್ನಿಸಿದ ಅಝೀಝ್ ಬಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ತೀರ್ಪು ಕೊಟ್ಟಿತು. ವಿಶ್ವವಿದ್ಯಾಲಯ ಸ್ಥಾಪನೆಯಾಗಿದ್ದು ಕೇಂದ್ರದ ಕಾಯ್ದೆಯಿಂದ, ಹಾಗಾಗಿ ಮುಸ್ಲಿಮರು ಅದನ್ನು ಸ್ಥಾಪಿಸಿದರೆಂದು ಹೇಳಲಾಗದು ಎಂಬುದು ಅದರ ಸಾರ. ಕಾಯ್ದೆ ತಿದ್ದಿ ಈ ಅನ್ಯಾಯವನ್ನು ಸರಿಪಡಿಸಿರೆಂದು ಸಮುದಾಯ ಸರ್ಕಾರವನ್ನು ಕೇಳುತ್ತಾ ಬಂತು.

1972ರಲ್ಲಿ ಹೊಸ ತಿದ್ದುಪಡಿ ಬಂತು. ಸಂಸತ್ತಿನಲ್ಲಿ ಅದನ್ನು ಮಂಡಿಸಿ ಸಮರ್ಥಿಸಿದವರು ಶಿಕ್ಷಣ ಮಂತ್ರಿ ನೂರುಲ್ ಹಸನ್. ಆ ತಿದ್ದುಪಡಿ ಅಲ್ಪಸಂಖ್ಯಾತ ಸ್ವರೂಪವನ್ನು ಒಪ್ಪಲಿಲ್ಲ. ಕೋರ್ಟ್ ಸಭೆಗೆ ಹಳೆಯ ಅಧಿಕಾರವನ್ನೂ ಮರಳಿ ಕೊಡಲಿಲ್ಲ. ಉತ್ತರ ಭಾರತದಲ್ಲಿ ಭಾರೀ ಪ್ರತಿಭಟನೆಗಳಾದವು. ಅಲೀಗಢದಲ್ಲೇ ಪಾಠ ಹೇಳಿದವರು, ಅಲ್ಲಿಯ ಮಣ್ಣಿನ ಋಣವಿದ್ದವರು, ಅವರ ಕೈಯಿಂದಲೇ ಇದಾಯಿತಲ್ಲ ಎಂಬ ನೋವು ಆ ಸಿಟ್ಟಿನಲ್ಲಿತ್ತು.

ಅವರ ಪರವಾಗಿ ಹೇಳಬಹುದಾದ ಮಾತನ್ನೂ ಹೇಳಬೇಕು. ಸುಪ್ರೀಂ ಕೋರ್ಟಿನ ತೀರ್ಪು ಆಗ ಜಾರಿಯಲ್ಲಿತ್ತು. ಅದು ಸರ್ಕಾರದ ಮಸೂದೆ, ಒಬ್ಬ ರಾಜ್ಯ ಮಂತ್ರಿಯ ಸ್ವಂತ ತೀರ್ಮಾನವಲ್ಲ. ಇವು ನಿಜ. ಆದರೆ ನ್ಯಾಯಾಲಯ ಕಾಯ್ದೆಯ ಪದಗಳನ್ನು ನೋಡಿ ತೀರ್ಪು ಕೊಟ್ಟಿದ್ದರೆ, ಆ ಪದಗಳನ್ನು ತಿದ್ದುವ ಅಧಿಕಾರ ಸಂಸತ್ತಿಗಿತ್ತು. ಒಂದು ಸಂಸ್ಥೆಯನ್ನು ಕಟ್ಟಿದವರು ಯಾರೆಂಬುದು ಮೂಲತಃ ಇತಿಹಾಸದ ಪ್ರಶ್ನೆ. ಫಾರ್ಮಾನುಗಳನ್ನೂ ಪಟ್ಟಿಗಳನ್ನೂ ಓದಿ ಹಳೆಯ ಕಥೆಗಳನ್ನು ತಿದ್ದಿದ ವಿದ್ವಾಂಸರು ಆ ಪ್ರಶ್ನೆಯ ಮುಂದೆ ಸರ್ಕಾರದ ಮಾತನ್ನೇ ಆಡಿದರು. ಸಮುದಾಯದ ಆಕ್ಷೇಪಕ್ಕೆ ಬಲವಿತ್ತೆಂದು ಮುಂದಿನ ಘಟನೆಗಳೂ ಹೇಳುತ್ತವೆ. ಒಂಬತ್ತೇ ವರ್ಷದಲ್ಲಿ, 1981ರಲ್ಲಿ, ಇಂದಿರಾ ಗಾಂಧಿಯವರ ಸರ್ಕಾರವೇ ಕಾಯ್ದೆ ತಿದ್ದಿತು. ಅದು ಭಾರತದ ಮುಸ್ಲಿಮರು ಸ್ಥಾಪಿಸಿದ, ಅವರ ಆಯ್ಕೆಯ ಸಂಸ್ಥೆಯೆಂದು ಬರೆಯಿತು. ಕೋರ್ಟ್ ಸಭೆಗೆ ಪರಮಾಧಿಕಾರ ಮರಳಿತು. ಪ್ರಕರಣ ಮತ್ತೆ ನ್ಯಾಯಾಲಯಗಳನ್ನು ಹತ್ತಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3 ಬಹುಮತದಿಂದ 1967ರ ತೀರ್ಪಿನ ತರ್ಕವನ್ನು ತಳ್ಳಿಹಾಕಿತು. ಸಂಸ್ಥೆಯ ಹಿಂದಿನ ಯೋಚನೆ ಯಾರದು, ಹಣ ಕೂಡಿಸಿದವರು ಯಾರು ಎಂಬುದನ್ನು ನೋಡಬೇಕೆಂದು ಹೇಳಿ, ಅಂತಿಮ ತೀರ್ಮಾನವನ್ನು ಬೇರೆ ಪೀಠಕ್ಕೆ ಬಿಟ್ಟಿತು. ಅಂದರೆ 52 ವರ್ಷಗಳ ನಂತರ ದೇಶದ ಅತ್ಯುಚ್ಚ ನ್ಯಾಯಾಲಯವೂ ಇತಿಹಾಸದ ದಾಖಲೆಗಳನ್ನೇ ಕೇಳುತ್ತಿದೆ.

ಇನ್ನೂ ಒಂದು ಸಂಗತಿ ಈ ತಟ್ಟೆಗೆ ಸೇರುತ್ತದೆ. 1975ರಿಂದ 1977ರ ತುರ್ತುಪರಿಸ್ಥಿತಿಯ ಉದ್ದಕ್ಕೂ ನೂರುಲ್ ಹಸನ್ ಸರ್ಕಾರದಲ್ಲೇ ಇದ್ದರು. 1976ರ ಏಪ್ರಿಲಿನಲ್ಲಿ ದಿಲ್ಲಿಯ ತುರ್ಕ್‌ಮಾನ್ ಗೇಟಿನಲ್ಲಿ ಮನೆಗಳನ್ನು ಕೆಡವಿದರು, ಗೋಲಿಬಾರ್ ಆಯಿತು. ಬಲವಂತದ ನಸ್‌ಬಂದಿಯ ಭಯ ಬಡವರ ಬೀದಿಗಳಲ್ಲಿ ಹರಡಿತ್ತು. ಉರ್ದುವಿನ ಬೆಳವಣಿಗೆಗೆಂದು ನೇಮಿಸಿದ್ದ ಗುಜ್ರಾಲ್ ಸಮಿತಿಯ ವರದಿ 1975ರಲ್ಲಿ ಕೈಗೆ ಬಂದಿತ್ತಾದರೂ ಅವರು ಖಾತೆ ಬಿಡುವವರೆಗೆ ಜಾರಿಗೆ ಬರಲಿಲ್ಲ. ಅಧಿಕಾರ ಒಂದು ಅಮಾನತ್. ಆ ಕುರ್ಚಿಯಲ್ಲಿ ಕುಳಿತು ಮಾಡಿದ್ದಕ್ಕೆ ಲೆಕ್ಕ ಇರುವ ಹಾಗೆ, ಸುಮ್ಮನಿದ್ದುದಕ್ಕೂ ಲೆಕ್ಕವಿದೆ.

ಮಾಸ್ಕೋ ಮತ್ತು ಕಲ್ಕತ್ತಾ

1983ರಲ್ಲಿ ಅವರು ಸೋವಿಯತ್ ಒಕ್ಕೂಟಕ್ಕೆ ಭಾರತದ ರಾಯಭಾರಿಯಾಗಿ ಹೋದರು. 1986ರವರೆಗಿನ ಆ ಅವಧಿಯಲ್ಲಿ ಮಾಸ್ಕೋ ಮೂರು ನಾಯಕರನ್ನು ಕಂಡಿತು. ಆಂಡ್ರೊಪೊವ್ 1984ರಲ್ಲಿ, ಚೆರ್ನೆಂಕೊ 1985ರಲ್ಲಿ ತೀರಿಕೊಂಡರು. ನಂತರ ಗೋರ್ಬಚೆವ್ ಬಂದರು. ಇತ್ತ ದಿಲ್ಲಿಯಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾಗಿ ರಾಜೀವ್ ಗಾಂಧಿ ಪ್ರಧಾನಿಯಾದರು. ಎರಡೂ ಕಡೆ ಮನೆಯ ಯಜಮಾನರು ಬದಲಾಗುತ್ತಿದ್ದಾಗ ಸಂಬಂಧದ ಎಳೆ ತುಂಡಾಗದಂತೆ ನೋಡಿಕೊಳ್ಳುವುದು ರಾಯಭಾರಿಯ ಕೆಲಸ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹಾರಿದಾಗ ಮಾಸ್ಕೋದ ನಮ್ಮ ರಾಯಭಾರಿ ನೂರುಲ್ ಹಸನ್ ಅವರೇ.

ಅದೇ ವರ್ಷಗಳಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನದಲ್ಲಿತ್ತು. ಒಂದು ಮುಸ್ಲಿಂ ನಾಡಿನ ಹಳ್ಳಿಗಳ ಮೇಲೆ ಬಾಂಬು ಬೀಳುತ್ತಿದ್ದವು. ಭಾರತ ಸರ್ಕಾರ ಸೋವಿಯತ್ ಒಕ್ಕೂಟವನ್ನು ಬಹಿರಂಗವಾಗಿ ಖಂಡಿಸುವ ಸಾಲಿನಲ್ಲಿ ನಿಲ್ಲಲಿಲ್ಲ. ರಾಯಭಾರಿಗೆ ದೇಶದ ಧೋರಣೆಯನ್ನೇ ಆಡಬೇಕಾದ ಕರ್ತವ್ಯವಿರುತ್ತದೆ. ಅದು ಒಪ್ಪಂದ, ಒಪ್ಪಂದ ಪಾಲಿಸುವುದನ್ನು ಇಸ್ಲಾಮ್ ಒತ್ತಿ ಹೇಳುತ್ತದೆ. ವಿದ್ವಾಂಸನೊಬ್ಬ ರಾಜತಂತ್ರಕ್ಕೆ ಕಾಲಿಟ್ಟರೆ ತೆರಬೇಕಾದ ಬೆಲೆಯೂ ಅದೇ. ತರಗತಿಯಲ್ಲಿ ಆಡಬಹುದಾದ ಮಾತನ್ನು ದೂತಾವಾಸದಲ್ಲಿ ಆಡುವಂತಿಲ್ಲ.

1986ರಲ್ಲಿ ಅವರು ಪಶ್ಚಿಮ ಬಂಗಾಳದ ರಾಜ್ಯಪಾಲರಾದರು. ನಡುವೆ ಸ್ವಲ್ಪ ಕಾಲ ಒಡಿಶಾದಲ್ಲಿದ್ದು, 1990ರಲ್ಲಿ ಮತ್ತೆ ಕಲ್ಕತ್ತಾಕ್ಕೆ ಮರಳಿದರು. ಆಗ ಅಲ್ಲಿ ಜ್ಯೋತಿ ಬಸು ಅವರ ಎಡರಂಗ ಸರ್ಕಾರ. ಕೇಂದ್ರ ನೇಮಿಸಿದ ರಾಜ್ಯಪಾಲರಿಗೂ ಬೇರೆ ಪಕ್ಷದ ಮುಖ್ಯಮಂತ್ರಿಗೂ ಜಗಳ ಹತ್ತುವುದು ನಮಗೆಲ್ಲ ಗೊತ್ತಿರುವ ಸಂಗತಿ. ಈ ಹುದ್ದೆಗೆ ಅವರನ್ನು ಎರಡನೆಯ ಸಲ ಕಳುಹಿಸಿದಾಗ ಕೇಂದ್ರದಲ್ಲಿ ಇದ್ದುದು ಕಾಂಗ್ರೆಸ್ ವಿರೋಧಿ ವಿ.ಪಿ. ಸಿಂಗ್ ಸರ್ಕಾರ ಎಂಬುದನ್ನು ಗಮನಿಸಬೇಕು.

1992ರ ಡಿಸೆಂಬರ್ 6ರಂದು ಬಾಬರಿ ಮಸ್ಜಿದ್ ನೆಲಕ್ಕುರುಳಿದಾಗ ಅವರು ಕಲ್ಕತ್ತಾದಲ್ಲೇ ಇದ್ದರು. ಮುಘಲರ ಇತಿಹಾಸಕ್ಕಾಗಿ ಬದುಕು ತೆತ್ತವರ ಕಣ್ಣೆದುರಿಗೇ ಆ ಇತಿಹಾಸದ ಹೆಸರಿನಲ್ಲಿ ದೇಶದಲ್ಲಿ ರಕ್ತ ಹರಿಯಿತು. ಮರುತಿಂಗಳು, 1993ರ ಜನವರಿಯಲ್ಲಿ, ಮೌಲಾನಾ ಅಬುಲ್ ಕಲಾಂ ಆಝಾದರ ಹೆಸರಿನಲ್ಲಿ ಏಷ್ಯಾ ದೇಶಗಳ ಅಧ್ಯಯನಕ್ಕಾಗಿ ಕಲ್ಕತ್ತಾದಲ್ಲಿ ಒಂದು ಸಂಸ್ಥೆ ಆರಂಭವಾಯಿತು. ನೂರುಲ್ ಹಸನ್ ಅದರ ಮೊದಲ ಅಧ್ಯಕ್ಷರು. ಮೌಲಾನಾ 1912ರಲ್ಲಿ 'ಅಲ್-ಹಿಲಾಲ್' ಪತ್ರಿಕೆ ಹೊರಡಿಸಿದ್ದು ಇದೇ ನಗರದಿಂದ. ಮಸ್ಜಿದ್ ಬಿದ್ದ ಚಳಿಗಾಲದಲ್ಲೇ ಒಂದು ಅಧ್ಯಯನದ ಮನೆ ಎದ್ದಿತು. 1993ರ ಜುಲೈ 12ರಂದು, ರಾಜ್ಯಪಾಲರ ಹುದ್ದೆಯಲ್ಲಿದ್ದಾಗಲೇ, ಕಲ್ಕತ್ತಾದಲ್ಲಿ ಅವರು ಮರಣ ಹೊಂದಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ನಮಗೇನು?

ಹಾಗಾದರೆ ನೂರುಲ್ ಹಸನ್ ನಮ್ಮವರೋ, ಸರ್ಕಾರದವರೋ? ಈ ಪ್ರಶ್ನೆಯನ್ನೇ ಬದಲಿಸಿಕೊಳ್ಳಬೇಕೆಂದು ನನಗೆ ತೋರುತ್ತದೆ. ಅವರ ಯಾವ ಕೆಲಸ ನ್ಯಾಯದ್ದು, ಯಾವುದರಲ್ಲಿ ನ್ಯಾಯ ತಪ್ಪಿತು ಎಂದು ಕೇಳೋಣ. ಅಂಗನವಾಡಿಯ ಹಾಲು ಕುಡಿದ ಮಗುವಿನ ಲೆಕ್ಕ ಒಂದು ತಟ್ಟೆಯಲ್ಲಿರಲಿ. ಅಲೀಗಢದ ನೋವು ಇನ್ನೊಂದರಲ್ಲಿರಲಿ. ಒಂದನ್ನು ಇನ್ನೊಂದರಿಂದ ಅಳಿಸುವ ಅಗತ್ಯವಿಲ್ಲ. ಕೊನೆಯ ತೂಕ ಮಾಡುವವನು ಅಲ್ಲಾಹನು, ಅವನ ಮೀಝಾನಿನಲ್ಲಿ ಸಾಸಿವೆಯ ಕಾಳಷ್ಟೂ ತಪ್ಪುವುದಿಲ್ಲ.

ನಮ್ಮ ಜಮಾಅತ್ ಕಮಿಟಿಯ ಅಧ್ಯಕ್ಷರಿಂದ ಹಿಡಿದು ಶಾಸಕರು, ಮಂತ್ರಿಗಳವರೆಗೆ ಇದೇ ತಕ್ಕಡಿ ಇರಲಿ. ಅಧಿಕಾರದಲ್ಲಿರುವ ನಮ್ಮವರ ಬಳಿ ಹಾರ ಹಿಡಿದು ಹೋಗುವುದಕ್ಕಿಂತ ಒಂದು ಸ್ಪಷ್ಟ ಪ್ರಶ್ನೆ ಹಿಡಿದು ಹೋಗುವುದು ಅವರಿಗೂ ಒಳ್ಳೆಯದು, ನಮಗೂ ಒಳ್ಳೆಯದು. ತಪ್ಪಿದರೆ ಅದಬಿನಿಂದ ತಿಳಿಸೋಣ. ಒಳ್ಳೆಯದು ಮಾಡಿದರೆ ಅವರು ಬೇರೆ ಪಕ್ಷದವರಾದರೂ ಹೇಳೋಣ.

ಮಕ್ಕಳ ಬಗ್ಗೆಯೂ ಒಂದು ಮಾತು. ಡಾಕ್ಟರ್, ಎಂಜಿನಿಯರ್ ಆಗಲೆಂದು ಎಲ್ಲ ತಂದೆ ತಾಯಿಯರು ದುಆ ಮಾಡುತ್ತಾರೆ. ಇತಿಹಾಸ ಓದುತ್ತೇನೆ ಎನ್ನುವ ಮಗಳಿಗೆ 'ಅದರಿಂದ ಏನು ಸಿಗುತ್ತದೆ' ಎಂದು ಕೇಳುತ್ತೇವೆ. ಮಸ್ಜಿದ್, ದರ್ಗಾ, ಖಬರಸ್ತಾನ, ವಿಶ್ವವಿದ್ಯಾಲಯ ಯಾರದೆಂಬ ಪ್ರಶ್ನೆಗಳೆಲ್ಲ ನ್ಯಾಯಾಲಯದಲ್ಲಿ ಹಳೆಯ ಕಾಗದಗಳ ಮೇಲೆ ನಿಂತಿರುವ ಕಾಲವಿದು. ಆ ಕಾಗದಗಳ ಫಾರ್ಸಿ, ಮೋಡಿ, ಹಳೆಯ ಕನ್ನಡ ಬರಹವನ್ನು ಓದಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಮನೆಯ ಪೆಟ್ಟಿಗೆಯಲ್ಲಿರುವ ಅಜ್ಜನ ಕಾಲದ ದಸ್ತಾವೇಜು, ಮಸ್ಜಿದಿನ ಹಳೆಯ ರಿಜಿಸ್ಟರು, ವಕ್ಫ್ ಪತ್ರ, ನಿಕಾಹ್ ದಫ್ತರ್ ಇವುಗಳನ್ನು ಗೆದ್ದಲಿಗೆ ಬಿಡಬೇಡಿ. ಒಣಗಿದ ಜಾಗದಲ್ಲಿಡಿ, ನಕಲು ಮಾಡಿಸಿ, ಯಾವುದು ಏನೆಂದು ಒಂದು ಚೀಟಿ ಬರೆದಿಡಿ.

ಅಲ್ಲಾಹನು ಮರ್ಹೂಮ್ ನೂರುಲ್ ಹಸನ್ ಅವರ ಒಳ್ಳೆಯ ಕೆಲಸಗಳನ್ನು ಕಬೂಲ್ ಮಾಡಲಿ, ತಪ್ಪುಗಳನ್ನು ಮನ್ನಿಸಲಿ. ತೂಗುವಾಗ ನಮ್ಮ ಕೈ ನಡುಗದಂತೆ ಮಾಡಲಿ. ಆಮೀನ್.